ಹುಲಿಗೆಮ್ಮ ಓದಿದ ಬಂಡೆ

ಕೆಲವು ವರ್ಷಗಳ ಹಿಂದೆ, ನಿವೃತ್ತಿ ಹತ್ತಿರವಾಗಿದ್ದಾಗ, ನಾನು ಕೊಪ್ಪಳದ ಶಿಕ್ಷಕರ ತರಬೇತಿ ಕೇಂದ್ರದಲ್ಲಿ ಇತಿಹಾಸದ ಉಪನ್ಯಾಸಕಿಯಾಗಿದ್ದೆ. ಆನೆಗೊಂದಿಯ ಸ್ಮಾರಕಗಳಿಗಾಗಿ ಮೊಬೈಲ್ ಪಾಠ ರೂಪಿಸುವ ಹೊಣೆ ನನ್ನದಾಯಿತು. ಮಕ್ಕಳು ಕೋಟೆ ಬಾಗಿಲ ಬಳಿ ಹೋದರೆ, ಜಿಪಿಎಸ್ ಅವರಿರುವ ಜಾಗ ಗುರುತಿಸಿ ಅಲ್ಲಿನ ಪಾಠವನ್ನು ತಾನೇ ತೆರೆಯಬೇಕು.

ಮೊದಲ ಪ್ರಯೋಗಕ್ಕೆ ಕುಷ್ಟಗಿ ಕಡೆಯ ಒಂದು ಹೈಸ್ಕೂಲನ್ನು ಆರಿಸಿದೆವು. ಅದರ ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಹುಲಿಗೆಮ್ಮ ಅಂತ ಒಬ್ಬಾಕಿಗೆ ಕಣ್ಣು ಕಾಣಂಗಿಲ್ರಿ. ಗುಡ್ಡದಾಗ ಬಿದ್ದು ಗಿದ್ದಾಳು. ಆಕಿನ್ನ ಸಾಲ್ಯಾಗ ಬಿಟ್ಟು ಬರ್ತೀವ್ರಿ" ಎಂದರು.

"ಆಕಿನ್ನ ಬಿಟ್ಟು ಬರೂದಾದ್ರ ಈ ಪ್ರಯೋಗನ ಬ್ಯಾಡ್ರಿ ಸರ್. ನನಗ ಒಂದು ವಾರ ಕೊಡ್ರಿ" ಎಂದೆ.

ಆ ವಾರ ನಾನೂ ತಂತ್ರಾಂಶ ಬರೆಯುತ್ತಿದ್ದ ಶಾಹೀದಾಳೂ ಆನೆಗೊಂದಿಯಲ್ಲೇ ಉಳಿದೆವು. ಹೆಬ್ಬಂಡೆಗಳ ನಡುವೆ ಜಿಪಿಎಸ್ ದಾರಿ ತಪ್ಪುತ್ತಿತ್ತು. ಕೋಟೆ ಬಾಗಿಲಲ್ಲಿ ನಿಂತರೆ ಬಾಳೆತೋಟದಲ್ಲಿದ್ದೀರಿ ಎನ್ನುತ್ತಿತ್ತು. ಫೋನು ಹತ್ತಿರ ತಲುಪಿಸಿದರೆ ಸಾಕು, ಅಲ್ಲಿಂದ ಮುಂದೆ ಧ್ವನಿ ಕರೆದೊಯ್ಯಲಿ ಎಂದು ನಿರ್ಧರಿಸಿದೆವು: "ಬಲಗೈಗೆ ಗೋಡೆ ಸಿಗುತ್ತದೆ, ಹಿಡಿದು ನಡೆಯಿರಿ." ಶಾಹೀದಾ ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಒಂದೊಂದು ವಾಕ್ಯವನ್ನೂ ನಡೆದು ನೋಡಿದಳು. ಅವಳು ಎಡವಿದಲ್ಲೆಲ್ಲ ವಾಕ್ಯ ತಿದ್ದಿದೆವು.

ಪ್ರಯೋಗದ ದಿನ ಹುಲಿಗೆಮ್ಮ ಗೆಳತಿಯ ಭುಜ ಹಿಡಿದು ಬಸ್ಸಿಳಿದಳು. ಇಯರ್‌ಫೋನ್ ಹಾಕಿಕೊಂಡು ಸ್ವಲ್ಪ ದೂರ ನಡೆದ ಮೇಲೆ ಭುಜ ಬಿಟ್ಟಳು. ಮುಖ್ಯೋಪಾಧ್ಯಾಯರು ಎರಡೂ ಕೈ ಚಾಚಿಕೊಂಡೇ ಅವಳ ಹಿಂದೆ ನಡೆದರು. ನಾನೂ ಅವರ ಬೆನ್ನಿಗೇ ಹೆಜ್ಜೆ ಹಾಕಿದೆ.

ಇಬ್ಭಾಗವಾದ ಬಂಡೆಯೊಂದರ ಬಳಿ, ಇದು ಹೇಗೆ ಸೀಳಿತು ಎಂದು ಪಾಠ ಕೇಳಿತು. ಉಳಿದ ಮಕ್ಕಳು ಪರದೆಯಲ್ಲಿ ಉತ್ತರ ಹುಡುಕತೊಡಗಿದರು. ಹುಲಿಗೆಮ್ಮ ಬಂಡೆಯ ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಟೀಚರ್, ಈ ಕಲ್ಲು ತಾನ ಒಡದಿಲ್ರಿ. ಒಡದಾರ. ಸಾಲಾಗಿ ಕುಳಿ ಅದಾವ ನೋಡ್ರಿ."

ಹಿಂದಿನ ಕಲ್ಲುಕುಟಿಗರು ಕುಳಿ ತೋಡಿ, ಬೆಣೆ ಬಡಿದು ಬಂಡೆ ಸೀಳುತ್ತಿದ್ದ ಗುರುತು ಅದು. ಪಾಠ ಹೇಳುವ ಮೊದಲೇ ಅವಳು ಕಂಡುಹಿಡಿದಿದ್ದಳು. ಮಕ್ಕಳೆಲ್ಲ ಫೋನು ಕೆಳಗಿಳಿಸಿ ಬಂಡೆಗೆ ಕೈಯಿಟ್ಟರು. ಮುಖ್ಯೋಪಾಧ್ಯಾಯರು ಚಾಚಿದ ಕೈ ಮಡಚಿ, "ಇನ್ನ ಆಕಿನ್ನ ಮುಂದ ಬಿಡ್ರಿ, ನಾವು ಹಿಂದ ಬರ್ತೀವಿ" ಎಂದರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಹೆಮ್ಮೆ ತಂದ ಮಾತು ಇನ್ನೊಂದಿಲ್ಲ.

ಆಮೇಲೆ ಗಂಗಾವತಿ, ಯಲಬುರ್ಗಾದ ಶಾಲೆಗಳೂ ಅದೇ ಪಾಠ ಬಳಸಿದವು. ಕಲಿಸುವವರು ಎಲ್ಲಿ ಮಾತು ನಿಲ್ಲಿಸಬೇಕೆಂದು ಅರಿಯುವುದೇ ಕಲಿಸುವ ಕೆಲಸದ ಅರ್ಧಭಾಗ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು. ಆ ಬಂಡೆ ಬಂದಾಗ ಈಗ ಪರದೆ ಖಾಲಿಯಾಗುತ್ತದೆ. ಹುಲಿಗೆಮ್ಮಳ ದನಿ ಮಾತ್ರ ಕೇಳಿಸುತ್ತದೆ: "ಮುಟ್ಟಿ ನೋಡ್ರಿ."