ಆಂಟಿ ಓದಿಸಿದ ಇಂಗ್ಲೆಂಡಿನ ಕವಿತೆಗಳು

ರಿಸೆಷನ್ನಿನ ಆ ಚಳಿಗಾಲ ಶಿಕಾಗೋ ಬಳಿಯ ಲೈಲ್‌ನ ಆಫೀಸಿನಲ್ಲಿ ನನ್ನ ಕೆಲಸ ಹೋಯಿತು. ಮನೆಯಲ್ಲಿ ಕೂರಲಾರದೆ ಪಕ್ಕದೂರು ಡೌನರ್ಸ್ ಗ್ರೋವ್‌ನ ಲೈಬ್ರರಿಗೆ ಹೋಗಿ ಕಂಡಕಂಡ ಕಂಪನಿಗಳಿಗೆ ಅಪ್ಲೈ ಮಾಡುತ್ತಿದ್ದೆ. ಅಲ್ಲಿ ಪರಿಚಯವಾದವರು ಮೈಸೂರಿನ ಒಬ್ಬ ಆಂಟಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ಒಂದು ದಿನ ನನ್ನ ಲ್ಯಾಪ್‌ಟಾಪಿನ ಮೇಲೆ ತೆಳ್ಳಗಿನ ಪುಸ್ತಕವೊಂದನ್ನು ಇಟ್ಟರು. ಇಂಗ್ಲೆಂಡಿನ ಕವಯಿತ್ರಿಯೊಬ್ಬರ ಭಾವಗೀತೆಗಳು, ನಮ್ಮ ಕಾಲದವರೇ.

"ಇದನ್ನ ಸ್ವಲ್ಪ ಓದಪ್ಪ. ಆ ಸ್ಕ್ರೀನ್ ನೋಡಿ ನೋಡಿ ಕಣ್ಣು ಹೋಗತ್ತೆ."

ಪ್ರಾಸವಿಲ್ಲ, ಅಲಂಕಾರವಿಲ್ಲ. ಮೂರು ನಾಲ್ಕು ಪದಗಳ ಸಾಲುಗಳು. ಒಂದು ಕವಿತೆಯಲ್ಲಿ ಒಗೆದ ಬೆಡ್‌ಶೀಟನ್ನು ತಾಯಿ ಮಗಳು ಮಡಿಸುತ್ತಾರೆ, ಅಷ್ಟೇ.

"ಇದರಲ್ಲೇನಿದೆ ಆಂಟಿ?" ಎಂದೆ.

ಅವರು ಮೆಲ್ಲಗೆ ಓದಿದರು. ಕೊನೆಗೆ ಮಗಳೊಬ್ಬಳೇ ಮಡಿಸುತ್ತಿದ್ದಾಳೆ. ತಾಯಿ ಹಿಡಿಯುತ್ತಿದ್ದ ತುದಿಯನ್ನು ಗದ್ದದಡಿ ಒತ್ತಿಕೊಂಡಿದ್ದಾಳೆ. ಸಾವು ಎಂಬ ಪದ ಎಲ್ಲೂ ಇಲ್ಲ. ಪುಸ್ತಕ ತೆಗೆದುಕೊಂಡು ನಾನೇ ಇನ್ನೊಮ್ಮೆ ಓದಿದೆ.

ಅದನ್ನು ಕನ್ನಡಕ್ಕೆ ತರಲು ಹೊರಟೆವು. ಇಂಗ್ಲಿಷಿನಲ್ಲಿ ಕವಿತೆ ಗದ್ದ ಎಂಬ ಪದದಲ್ಲೇ ನಿಲ್ಲುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬಂದು ಕೊನೆಯಲ್ಲಿ ಕೂರುತ್ತಿತ್ತು.

"ಒತ್ತಿಕೊಂಡಳು ಅಂದ್ರೆ ಮುಗಿದೇ ಹೋಯ್ತು. ಅವಳದು ಮುಗಿಯಲ್ಲ, ನೋಡು," ಎನ್ನುತ್ತಿದ್ದರು ಆಂಟಿ. ಕ್ರಿಯಾಪದವನ್ನೇ ಕೈಬಿಟ್ಟು ನೋಡಿದೆವು. ಅರ್ಧಂಬರ್ಧ ಸರಿಹೋಯಿತು.

ಮಾರ್ಚಿನಲ್ಲಿ ಆ ಕವಯಿತ್ರಿಯೇ ಶಿಕಾಗೋದಲ್ಲಿ ಕವಿತೆ ಓದಲು ಬರುತ್ತಾರೆಂದು ತಿಳಿಯಿತು. ಟ್ರೇನಿನಲ್ಲಿ ಜೊತೆಯಾಗಿ ಹೋಗುವುದೆಂದುಕೊಂಡೆವು. ಆಂಟಿ ಆಕೆಯನ್ನು ಕೇಳಲೆಂದು ಒಂದು ಪ್ರಶ್ನೆಯನ್ನೂ ಸಿದ್ಧ ಮಾಡಿಕೊಂಡರು. ಏನೆಂದು ನನಗೆ ಹೇಳಲಿಲ್ಲ. ಆದರೆ ಅದೇ ದಿನ ನನಗೆ ಬೇರೆ ರಾಜ್ಯದ ವಾರೆನ್ ಎಂಬ ಊರಿನಲ್ಲಿ ಇಂಟರ್‌ವ್ಯೂ ಬಂತು.

"ಕೆಲಸ ಮೊದಲು. ಹೋಗ್ಬಾ," ಎಂದರು.

ಮುಂಜಾನೆಯೇ ಹೊರಟು ಅಷ್ಟು ದೂರ ಡ್ರೈವ್ ಮಾಡಿ ಹೋದರೆ, ಹೊಸಬರನ್ನು ತೆಗೆದುಕೊಳ್ಳಬಾರದೆಂದು ಈಗಷ್ಟೇ ಆದೇಶ ಬಂದಿದೆ ಎಂದು ಮ್ಯಾನೇಜರ್ ಕೈಕುಲುಕಿ ಕಳಿಸಿದ. ಪಾರ್ಕಿಂಗ್ ಲಾಟಿನಿಂದಲೇ ಆಂಟಿಗೆ ಫೋನ್ ಮಾಡಿದೆ. ಅವರೂ ಹೊರಟಿರಲಿಲ್ಲ. ಸ್ಟೇಷನ್ನಿನಲ್ಲಿ ಐಸ್ ಕಟ್ಟಿದೆ, ಒಬ್ಬರೇ ಬೇಡ ಎಂದು ಮಗಳು ತಡೆದಿದ್ದಳು.

"ಏನು ಕೇಳ್ಬೇಕು ಅಂತಿದ್ರಿ ಆಂಟಿ?"

"ಇನ್ನೇನು, ಬಿಡಪ್ಪ. ಊಟ ಮಾಡಿದ್ಯಾ?"

ಬೇಸಿಗೆಗೆ ಮೊದಲೇ ಅವರು ಮೈಸೂರಿಗೆ ಮರಳಿದರು. ವರ್ಷ ಕಳೆದು ನನಗೆ ವಾರೆನ್‌ನಲ್ಲೇ ಬೇರೊಂದು ಕೆಲಸ ಸಿಕ್ಕಿತು. ಅವರಿಗೆ ಹೇಳಬೇಕೆಂದು ಮೈಸೂರಿಗೆ ಫೋನ್ ಮಾಡಿದಾಗ ಎತ್ತಿದ್ದು ಅಲ್ಲಿಗೆ ಹೋಗಿದ್ದ ಮಗಳು. ಆಂಟಿ ಹಿಂದಿನ ವಾರ ತೀರಿಕೊಂಡಿದ್ದರು.

ಆ ಕವಯಿತ್ರಿ ಈಗಲೂ ಬರೆಯುತ್ತಾರೆ. ಈಚಿನ ಪುಸ್ತಕದಲ್ಲಿ ಸಾಲುಗಳು ಉದ್ದವಾಗಿವೆ, ಮಾತು ಹೆಚ್ಚಾಗಿದೆ. ನನಗೆ ಹಿಡಿಸಲಿಲ್ಲ. ಅದರ ಬಗ್ಗೆ ಜಗಳವಾಡಲು ಇಲ್ಲಿ ನನಗೆ ಯಾರೂ ಇಲ್ಲ.