ಅಮ್ಮನಿಲ್ಲದ ಆಕ್ಸ್‌ಫರ್ಡ್

ನಮ್ಮ ಭಾವನಿಗೆ ಕಟ್ಟಡಗಳ ಮೇಲೆ ಇರುವಷ್ಟು ಗೌರವ ಮನುಷ್ಯರ ಮೇಲಿಲ್ಲ. ಅಕ್ಕನ ಮದುವೆಯ ಹೊತ್ತಿಗೆ ಇದು ಗೊತ್ತಾಗಲಿಲ್ಲ. ಆಗ ನಮ್ಮ ಕಗ್ಗದಾಸಪುರದಲ್ಲಿ ಗೌರವಿಸುವಂಥ ಕಟ್ಟಡವೇ ಇರಲಿಲ್ಲ.

ಅಕ್ಕನ ಬಾಣಂತನಕ್ಕೆಂದು ಅಮ್ಮ ಇಂಗ್ಲೆಂಡಿಗೆ ಹೊರಟಾಗ ರಾಗಿಹಿಟ್ಟಿನ ಚೀಲ ಹೊರಲು ಒಬ್ಬ ಬೇಕಿತ್ತು. ಡಿಗ್ರಿ ಪಾಸಾಗದೆ, ಮನೆಗೆ ಬಂದವರ ದನಿ ಅಣಕಿಸುತ್ತ ಕೂತಿದ್ದ ನಾನು ಸರ್ವಾನುಮತದಿಂದ ಆಯ್ಕೆಯಾದೆ. ಹೊರಡುವ ಮುನ್ನ ಪಕ್ಕದ ಮನೆಯ ದೊಡ್ಡಮ್ಮ ತನ್ನ ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ಅಮ್ಮನಿಗೆ ತಂದುಕೊಟ್ಟಳು. ಹೊಲ ಮಾರಿದ ವರ್ಷ ಕಾಶಿಗೆ ಹೋಗಿ, ಪ್ರತಿ ಘಾಟಿನ ಮುಂದೆಯೂ ಲೈಟುಕಂಬದ ಹಾಗೆ ನಿಂತು ಫೋಟೋ ತೆಗೆಸಿಕೊಂಡು ಬಂದವಳು ಅವಳು.

"ಇದನ್ನ ಉಟ್ಕೊಂಡು ಒಂದ್ ಫೋಟೋ ತೆಗೆಸ್ಕೊಂಡ್ ಬಾರೇ. ಫೋಟೋ ಇಲ್ದೆ ಹೋಗ್ಬಂದೆ ಅಂದ್ರೆ ಯಾರ್ ನಂಬ್ತಾರೆ?"

ಅಲ್ಲಿಂದಾಚೆ ಅಮ್ಮನಿಗೆ ಇಂಗ್ಲೆಂಡ್ ಎಂದರೆ ಆ ಒಂದು ಫೋಟೋ.

ಒಂದು ಭಾನುವಾರ, ಅಕ್ಕ ಮಗುವಿನೊಂದಿಗೆ ಮನೆಯಲ್ಲಿ ಉಳಿದಳು. ಭಾವ ನಮ್ಮಿಬ್ಬರನ್ನು ಆಕ್ಸ್‌ಫರ್ಡಿಗೆ ಕರೆದೊಯ್ದರು. 'ಫೋಟೋ ವಾಕ್' ಅಂದರು. ಫೋನಿನಲ್ಲಿ ಕ್ಯಾಮರಾ ಇಲ್ಲದ ಆ ಕಾಲದಲ್ಲಿ ನಮಗೆ ಫೋಟೋ ಎಂದರೆ ಶಿವಾಜಿನಗರದ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕೂರುವುದು, ವಾಕ್ ಎಂದರೆ ಶುಗರ್ ಇರುವವರು ಮಾಡುವುದು. ದೊಡ್ಡಮ್ಮನ ಸೀರೆಯುಟ್ಟ ಅಮ್ಮ ಚಳಿಗೆ ಗಡಗಡ ನಡುಗಿದಳೇ ಹೊರತು ಸ್ವೆಟರ್ ಹಾಕಲಿಲ್ಲ. ಜರಿ ಮುಚ್ಚಿಹೋಗುತ್ತದಲ್ಲ!

ಬೆಲ್ಲದ ಬಣ್ಣದ ಕಲ್ಲಿನ ಕಾಲೇಜುಗಳು, ಮೊನಚು ಗೋಪುರಗಳು. ಅಷ್ಟು ಓದಿದವರ ಊರಲ್ಲೂ ಹುಲ್ಲು ತುಳಿಯಬೇಡಿ ಎಂದು ಬೋರ್ಡು ಬರೆದು ಹೇಳಬೇಕಿತ್ತು. ಭಾವ ಪ್ರತಿ ಹೆಬ್ಬಾಗಿಲ ಎದುರೂ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿಯುತ್ತಿದ್ದರು. ದೇವಸ್ಥಾನದಲ್ಲಿ ಅವರು ಹಾಗೆ ಬಗ್ಗಿದ್ದನ್ನು ನಾನು ಕಂಡಿಲ್ಲ. ಅಮ್ಮ ಅದೇ ಬಾಗಿಲ ಮುಂದೆ ಹೋಗಿ, ಸ್ಟುಡಿಯೋದವನು ಕಲಿಸಿದಂತೆ ಗದ್ದ ಒಳಗೆಳೆದು ನಿಲ್ಲುತ್ತಿದ್ದಳು.

"ಅತ್ತೆ, ಸ್ವಲ್ಪ ಈ ಕಡೆ ಬನ್ನಿ. ಫ್ರೇಮಲ್ಲಿ ಬರ್ತಿದೀರ."

ಅಮ್ಮ ಸರಿಯುತ್ತಿದ್ದಳು. ಮುಂದಿನ ಬಾಗಿಲಲ್ಲೂ ಅದೇ ಪೂಜೆ.

ನನಗೆ ತಡೆಯಲಾಗಲಿಲ್ಲ. "ಭಾವ, ಅಮ್ಮಂದೂ ಒಂದ್ ತೆಗೀರಿ."

"ಜನ ಬಂದ್ರೆ ಕಾಂಪೊಸಿಷನ್ ಹಾಳಾಗತ್ತೆ ಕಣೋ. ಬಿಲ್ಡಿಂಗ್ ಮಾತಾಡ್ಬೇಕು."

"ಆ ಬಿಲ್ಡಿಂಗ್ ಬಂದು ನಮ್ ದೊಡ್ಡಮ್ಮನ್ ಹತ್ರ ಮಾತಾಡತ್ತಾ? ಕ್ಯಾಮರಾ ಕೊಡಿ, ನಾನೇ ತೆಗೀತೀನಿ."

"ಮುಟ್ಬೇಡ! ಲೆನ್ಸು!"

ಅಮ್ಮ ನನ್ನ ತೋಳು ಜಿಗುಟಿದಳು. "ಸುಮ್ನಿರೋ. ಅಳಿಯಂದ್ರನ್ನ ಯಾರಾದ್ರೂ ಹಂಗ್ ಕೇಳ್ತಾರಾ?" ಅಳಿಯನ ಬಳಿ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳಿದವಳಲ್ಲ ಅವಳು. ಅದನ್ನು ಭಾವ ತಮ್ಮ ಉಪಚಾರದ ಹೆಚ್ಚುಗಾರಿಕೆ ಎಂದುಕೊಂಡಿದ್ದರು.

ಭಾವ ಬೆನ್ನು ತಿರುಗಿಸಿದಾಗ ನಾನೂ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, "ಸ್ವಲ್ಪ ಈ ಕಡೆ ಬನ್ನಿ" ಎಂದು ಅವರ ದನಿಯಲ್ಲೇ ಗೋಪುರಕ್ಕೆ ಹೇಳಿದೆ. ಅಮ್ಮ ನಗಲಿಲ್ಲ. ನನಗೆ ಬರುವ ವಿದ್ಯೆ ಅದೊಂದೇ. ಅದರಿಂದ ಯಾರ ಫೋಟೋವೂ ಬೀಳುವುದಿಲ್ಲ.

ನಾವು ಊರಿಗೆ ಹೊರಡುವಾಗ ಭಾವ ಒಂದು ದಪ್ಪ ಆಲ್ಬಂ ಕೊಟ್ಟರು. ಒಳಗೆ ನರಪಿಳ್ಳೆ ಇಲ್ಲ. ಊರಿಗೆ ಊರೇ ಕರ್ಫ್ಯೂ ಹಾಕಿದಂತಿತ್ತು. ಒಂದೇ ಒಂದು ಚಿತ್ರದ ಅಂಚಿನಲ್ಲಿ, ಅಮ್ಮ ಸರಿಯುವಾಗ ಹಿಂದುಳಿದ ಗೇಣುದ್ದ ನೇರಳೆ ಸೆರಗು.

ಮನೆ ತಲುಪಿದ ದಿನವೇ ಅಮ್ಮ ಆ ಪುಟ ತೆರೆದು ದೊಡ್ಡಮ್ಮನ ಮುಂದಿಟ್ಟಳು. "ನೋಡಕ್ಕ, ಇಲ್ಲಿ."

ದೊಡ್ಡಮ್ಮ ಕನ್ನಡಕ ಹಾಕಿ, ಆಲ್ಬಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಹೂಂ, ನನ್ ಸೀರೇನೇ. ಅದು ಹೋಗ್ಬಂದಿದ್ದು ನಿಜ." ಪುಟ ಮಗುಚಿದಳು. "ನೀನೆಲ್ಲಿದೀಯೇ?"