ಪರವಾಗಿಲ್ಲ ಅಂದರೆ ಎಷ್ಟು?

ಅಕ್ಕನಿಗೆ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಸುಳ್ಳು ಹೇಳಿದವಳು ನಾನೇ. ಆಸ್ಪತ್ರೆಯ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಇದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಬೆನ್ನುಮೂಳೆಗೂ ಹಬ್ಬಿದೆ, ಆಪರೇಷನ್ನಾಗಲಿ ಕೀಮೋ ಆಗಲಿ ಇನ್ನು ಪ್ರಯೋಜನವಿಲ್ಲ, ನೋವಿಲ್ಲದ ಹಾಗೆ ಕೊನೆಯವರೆಗೆ ನೋಡಿಕೊಳ್ಳುವ ಹಾಸ್ಪಿಸ್ ಯಾವುದಾದರೂ ಹುಡುಕಿ ಎಂದರು. ಹೊರಗೆ ಬಂದರೆ ಅಕ್ಕ ಬೆಂಚಿನ ಮೇಲೆ ಕೂತು ಪಕ್ಕದ ಹೆಂಗಸಿಗೆ ನುಗ್ಗೆಸೊಪ್ಪಿನ ಪಲ್ಯ ಮಾಡುವುದನ್ನು ಹೇಳಿಕೊಡುತ್ತಿದ್ದಳು. "ಏನಂತೆ?" ಎಂದಳು. "ಹುಣ್ಣಂತೆ ಕಣಕ್ಕ, ಖಾರ ಬಿಡಬೇಕಂತೆ" ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಆಮೇಲೆ ಆ ಸುಳ್ಳನ್ನು ಕಾಪಾಡುವುದೇ ನನ್ನ ಕೆಲಸವಾಯಿತು.

ತ್ಯಾಗರಾಜನಗರದ ಮನೆಯಲ್ಲಿ ನಾವಿಬ್ಬರೇ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗಂಡ ಹೋದ ಮೇಲೆ ಹೊಲಿಗೆ ಮಿಷನ್ ಸಮೇತ ನನ್ನ ಜೊತೆ ಬಂದು ಸೇರಿಕೊಂಡಳು. ನಾನು ಮದುವೆಯಾಗಲಿಲ್ಲ, ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ, ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಎಂದು ಬರೆಯುತ್ತಾ ಕಳೆದೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಮೆಷಿನ್ನಿನವರು ನಾನು ಬರುವುದನ್ನು ಕಂಡರೆ "ಬಂದ್ಲಪ್ಪ ಮಾರಿ" ಅನ್ನುತ್ತಿದ್ದರಂತೆ. ಅನ್ನಲಿ. ನನ್ನ ಕೈ ದಾಟಿ ಹೋದ ಮಾಲು ವಾಪಸ್ ಬಂದದ್ದಿಲ್ಲ.

ನನ್ನ ಹೆದರಿಕೆ ಅಕ್ಕ ಸಾಯುತ್ತಾಳೆ ಎಂಬುದಕ್ಕಿಂತ ಹೇಗೆ ಸಾಯುತ್ತಾಳೆ ಎಂಬುದಾಗಿತ್ತು. ನಮ್ಮಮ್ಮ ಹೋದದ್ದು ಇಂಥದ್ದೇ ಕಾಯಿಲೆಯಲ್ಲಿ. ಆಗ ನೋವಿಗೆ ಏನು ಕೊಡಬೇಕೆಂದು ನಮಗೂ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ಅಮ್ಮನ ಕೂಗಿಗೆ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಹನ್ನೊಂದು ದಿನ. ಅಮ್ಮನ ಬಟ್ಟೆಗಳನ್ನು ಮಡಿಸಿಡುವಾಗ ಅಕ್ಕ ನನ್ನ ಕೈ ಹಿಡಿದು, "ನಂಗೆ ಹಿಂಗಾಗಕ್ಕೆ ಬಿಡ್ಬೇಡ ಕಣೇ. ಏನಾದ್ರೂ ಮಾಡು, ಬಿಡ್ಬೇಡ" ಎಂದಿದ್ದಳು. ನಾನು ಆಯ್ತು ಎಂದಿದ್ದೆ.

ಹಾಸ್ಪಿಸ್ ನೋಡಲು ಹೊರಟಾಗ ಕಾರ್ಖಾನೆಗೆ ಹೋಗುವಂತೆಯೇ ಹೊರಟೆ. ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ, ಕನ್ನಡಕ, ಎರಡು ಪೆನ್ನು. ಅಕ್ಕನಿಗೆ ಎಲ್‌ಐಸಿ ಕೆಲಸವೆಂದೆ. "ಎಲ್‌ಐಸಿಗೆ ಹೋಗೋಳು ಯಾಕೆ ಹಂಗೆ ಬೆವರ್ತೀಯ?" ಎಂದಳು. ಚಪ್ಪಲಿ ಮೆಟ್ಟಿ ಹೊರಟೆ.

ಮೊದಲು ಹೋದದ್ದು ಸುಬ್ರಹ್ಮಣ್ಯಪುರದ ಒಳರಸ್ತೆಯಲ್ಲಿದ್ದ ಒಂದು ಚಿಕ್ಕ ಜಾಗ. ಹಳೆಯ ಮನೆ, ಆರೇ ಹಾಸಿಗೆ. ಮನೆಗಳಿಗೂ ಹೋಗಿ ನೋಡುತ್ತಾರಂತೆ. ಗೋಡೆಯ ಬಣ್ಣ ಎದ್ದಿತ್ತು. ಅಲ್ಲಿನ ಡಾಕ್ಟರಮ್ಮ ನನ್ನ ವಯಸ್ಸಿನವರು, ಕಾಟನ್ ಸೀರೆ, ಮುಖದಲ್ಲಿ ನಗುವಿಲ್ಲ. ನಾನು ಪಟ್ಟಿ ತೆಗೆಯುವ ಮೊದಲೇ ಅವರು ಕೇಳಲು ಶುರುಮಾಡಿದರು.

"ನೋವು ಎಷ್ಟಿದೆ ಅಂತಾರೆ ನಿಮ್ಮಕ್ಕ?"

"ಪರವಾಗಿಲ್ಲ ಅಂತಾಳೆ."

"ಪರವಾಗಿಲ್ಲ ಅಂದ್ರೆ ಎಷ್ಟು?"

ನನಗೆ ರೇಗಿತು. ಪರವಾಗಿಲ್ಲ ಅಂದರೆ ಪರವಾಗಿಲ್ಲ, ಇನ್ನೇನು? ಉಪ್ಪಿಟ್ಟು ಹೇಗಿದೆ ಎಂದರೂ, ಜ್ವರ ಹೇಗಿದೆ ಎಂದರೂ, ಗಂಡ ಸತ್ತ ತಿಂಗಳು ಹೇಗಿದ್ದೀಯೆ ಎಂದು ಕೇಳಿದಾಗಲೂ ಅಕ್ಕ ಹೇಳಿದ್ದು ಅದೇ ಮಾತು. ಆ ಪ್ರಶ್ನೆಯನ್ನು ಬದಿಗೊತ್ತಿ ನನಗೆ ಮುಖ್ಯವಾದದ್ದನ್ನು ಕೇಳಿದೆ. "ಅವಳಿಗೆ ಕಾಯಿಲೆ ಏನು ಅಂತ ಗೊತ್ತಿಲ್ಲ. ಗೊತ್ತಾಗಕೂಡದು. ಹುಣ್ಣು ಅಂತಾನೇ ಹೇಳ್ಬೇಕು. ಹೇಳ್ತೀರಲ್ವಾ?"

"ನಾವಾಗೇ ಹೋಗಿ ಏನೂ ಹೇಳಲ್ಲ ಮೇಡಂ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ."

"ನಿಮಗೇನು ಕರುಣೆ ಇಲ್ವಾ?"

"ಇದೆ" ಎಂದರು, ಅಷ್ಟೇ. ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ರಿಜೆಕ್ಟ್ ಎಂದು ಬರೆದು, ಅವರ ಎದುರಿಗೇ ಬರೆದು, ಎದ್ದು ಬಂದೆ.

ಎರಡನೆಯದು ಜರಗನಹಳ್ಳಿ ದಾಟಿ ಕನಕಪುರ ರಸ್ತೆಯ ಬದಿಗೆ. ಗಾಜಿನ ಬಾಗಿಲು, ಹೊಳೆಯುವ ನೆಲ, ಫಿನಾಯಿಲ್ ವಾಸನೆಯೂ ಇಲ್ಲ. ಅಲ್ಲಿನ ಮ್ಯಾನೇಜರ್ ಇಪ್ಪತ್ತೆರಡು ಪ್ರಶ್ನೆಗೂ ಹೂಂ ಎಂದ. ಡಾಕ್ಟರ್ ದಿನಾ ಬರುತ್ತಾರಾ? ಬರ್ತಾರೆ ಮೇಡಂ. ಜೋರು ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಇದೆಯಾ? ಎಲ್ಲಾ ಇದೆ ಮೇಡಂ. ಮೆತ್ತಗೆ ಅನ್ನ ಮಾಡಿಕೊಡುತ್ತೀರಾ? ಮನೆ ಊಟ ಮೇಡಂ. ಕೊನೆಗೆ, ಕಾಯಿಲೆಯ ವಿಷಯ ಅಕ್ಕನಿಗೆ ಹೇಳದೆ ಇರುತ್ತೀರಾ ಎಂದು ಕೇಳಿದೆ.

"ಅಯ್ಯೋ ಅದೇನ್ ದೊಡ್ಡ ವಿಷಯ ಬಿಡಿ ಮೇಡಂ. ಶಕ್ತಿ ಬರೋಕೆ ಒಂದಷ್ಟು ದಿನ ರೆಸ್ಟ್ ಅಂತ ಹೇಳ್ತೀವಿ. ನೀವು ಏನ್ ಹೇಳು ಅಂತೀರೋ ಅದನ್ನೇ ಹೇಳ್ತೀವಿ."

ನನ್ನ ಕಣ್ಣಲ್ಲಿ ನೀರೇ ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮೂವತ್ತೊಂದು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ನಾನು ಪಾಸ್ ಎಂದು ಬರೆದುಕೊಂಡೆ.

ಅಕ್ಕನನ್ನು ಸೋಮವಾರ ಅಲ್ಲಿಗೆ ಸೇರಿಸಿದೆ. "ಒಳ್ಳೆ ಹೋಟ್ಲು ಥರ ಇದೆಯಲ್ಲೇ" ಎಂದಳು. ಬೆಳಿಗ್ಗೆ ಒಂದು ಗಂಟೆ ಹೊತ್ತು, ಸಂಜೆ ನಾಲ್ಕರ ಮೇಲೆ ಎರಡು ಗಂಟೆ ಹೊತ್ತು ಮಾತ್ರ ಒಳಗೆ ಬಿಡುತ್ತಿದ್ದರು. ಹೋದಾಗಲೆಲ್ಲ ಅಕ್ಕನ ತಲೆ ಬಾಚಿ ಕೂರಿಸಿರುತ್ತಿದ್ದರು. ನೋವು ಹೇಗಿದೆ ಎಂದರೆ, ಪರವಾಗಿಲ್ಲ. ನಿದ್ದೆ? ಪರವಾಗಿಲ್ಲ. ನಾನು ಮನೆಗೆ ಬಂದು ಒಬ್ಬಳೇ ಅನ್ನ ಕಲಸಿಕೊಂಡು ಕೂತರೆ ಅರ್ಧಕ್ಕೇ ತಟ್ಟೆ ಮುಚ್ಚಿಟ್ಟು ಏಳುತ್ತಿದ್ದೆ. ಎಲ್ಲ ಸರಿಯಾಗಿದೆಯಲ್ಲ, ಮತ್ಯಾಕೆ ಈ ಹೆದರಿಕೆ ಎಂದು ನನ್ನನ್ನೇ ಬೈದುಕೊಂಡೆ.

ಬುಧವಾರ ತಡೆಯಲಾಗಲಿಲ್ಲ. ಮಧ್ಯಾಹ್ನ ಮೂರಕ್ಕೇ ಹೋದೆ. ಸೆಕ್ಯೂರಿಟಿಯವನು "ಟೈಮ್ ಆಗಿಲ್ಲ ಆಂಟಿ" ಎನ್ನುತ್ತಿದ್ದ, ನಾನು ನಿಲ್ಲಲಿಲ್ಲ. ಅಕ್ಕ ಗೋಡೆಯ ಕಡೆ ತಿರುಗಿ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದಳು. ಹೊದಿಕೆಯ ಅಂಚನ್ನು ಬಾಯಲ್ಲಿ ತುರುಕಿಕೊಂಡು ಕಚ್ಚಿ ಹಿಡಿದಿದ್ದಳು. "ಅಕ್ಕಾ" ಎಂದೆ. ಹೊದಿಕೆಯನ್ನು ಬಾಯಿಂದ ತೆಗೆದು, ನನ್ನ ಮುಖ ನೋಡಿ, "ಏನಿಲ್ವೇ, ಪರವಾಗಿಲ್ಲ" ಎಂದಳು. ಹಣೆಯಿಂದ ಬೆವರು ಕಿವಿಗೆ ಇಳಿಯುತ್ತಿತ್ತು.

ಮಂಚದ ಕಾಲುಗಡೆ ಚಾರ್ಟ್ ನೇತುಹಾಕಿದ್ದರು. ಮೂರು ದಿನದಲ್ಲಿ ಒಮ್ಮೆಯೂ ನಾನು ಅದನ್ನು ಕೈಗೆತ್ತಿಕೊಂಡಿರಲಿಲ್ಲ. ಎತ್ತಿಕೊಂಡು ಆವತ್ತಿನ ಪುಟ ನೋಡಿದೆ. ಬೆಳಿಗ್ಗೆ ಹತ್ತು ಗಂಟೆ, ನೋವು ಸೊನ್ನೆ. ಮಧ್ಯಾಹ್ನ ಎರಡು, ಸೊನ್ನೆ. ಸಂಜೆ ಆರು, ಸೊನ್ನೆ. ನನ್ನ ಗಡಿಯಾರದಲ್ಲಿ ಮೂರೂ ಹತ್ತು. ಒಂದೇ ಶಾಯಿ, ಒಂದೇ ಓರೆ, ಒಂದೇ ಉಸಿರಿನಲ್ಲಿ ಬರೆದ ಸೊನ್ನೆಗಳು. ಕಾರ್ಖಾನೆಯಲ್ಲಿ ಇದನ್ನು ನಾವು ಮೇಜಿನ ಮೇಲೆ ಹುಟ್ಟಿದ ರೀಡಿಂಗ್ ಅನ್ನುತ್ತಿದ್ದೆವು: ಅಳೆಯದೆ ಕೂತಲ್ಲೇ ಬರೆದದ್ದು. ಅಂಥವರನ್ನು ನಾನು ಎಷ್ಟು ಸಲ ಹಿಡಿದಿಲ್ಲ! ಇಲ್ಲಿ ನನ್ನಕ್ಕನ ಮೈಯ ನೋವನ್ನೇ ಹಾಗೆ ಬರೆದಿದ್ದರು.

ನರ್ಸಮ್ಮನನ್ನು ಕೂಗಿದ ಕೂಗಿಗೆ ಇಡೀ ಮಹಡಿ ತಿರುಗಿ ನೋಡಿತು. ಅವಳು ಒಬ್ಬಳೇ ಹದಿನೆಂಟು ಹಾಸಿಗೆ ನೋಡುತ್ತಿದ್ದವಳು. "ಆಂಟಿ, ಕೇಳ್ದೆ ಆಂಟಿ. ಪರವಾಗಿಲ್ಲ ಅಂದ್ರು. ಯಾವಾಗ ಕೇಳಿದ್ರೂ ಅದೇ ಅಂತಾರೆ, ಅದಕ್ಕೇ ಸೊನ್ನೆ ಬರೆದ್ಬಿಟ್ಟೆ." ಮಾರ್ಫಿನ್ ಎಲ್ಲಿ ಎಂದೆ. ಅವಳು ಇದ್ದದ್ದನ್ನು ಹೇಳಿದಳು. ಆ ಮಾತ್ರೆ ಇಡುವುದಕ್ಕೆ ಬೇಕಾದ ಲೈಸೆನ್ಸ್ ಅವರಿಗೆ ಇನ್ನೂ ಬಂದಿರಲಿಲ್ಲ. ಕೊಡುತ್ತಿದ್ದದ್ದು ನಾವು ತಲೆನೋವಿಗೆ ನುಂಗುವ ಮಾತ್ರೆ.

ಅವಳಿಗೆ ಬೈಯಲು ಬಾಯಿ ತೆರೆದವಳು ನನ್ನನ್ನೇ ಬೈದುಕೊಂಡೆ. ಥೂ, ನಾನೆಂಥ ಇನ್ಸ್‌ಪೆಕ್ಟರು! ಟೈಲ್ಸ್ ನೋಡಿದೆ, ಲಿಫ್ಟ್ ನೋಡಿದೆ, ಒಂದು ಚಾರ್ಟ್ ತೋರಿಸಿ ಅನ್ನಲಿಲ್ಲ, ಮಾತ್ರೆ ಎಲ್ಲಿಟ್ಟಿದ್ದೀರಿ ತೋರಿಸಿ ಅನ್ನಲಿಲ್ಲ. ಸುಳ್ಳು ಹೇಳಲು ಯಾರು ಒಪ್ಪುತ್ತಾರೆ ಎಂದು ಊರೆಲ್ಲ ಹುಡುಕಿದೆ. ಒಪ್ಪಿದವರು ನನಗೂ ಸುಳ್ಳೇ ಹೇಳಿದರು.

ಆವತ್ತೇ ಅಕ್ಕನನ್ನು ಮನೆಗೆ ಕರೆತಂದೆ. ಆಂಬುಲೆನ್ಸಿನಲ್ಲಿ ಪ್ರತಿ ರೋಡ್ ಹಂಪ್‌ಗೂ ಅವಳು ಉಸಿರು ಬಿಗಿಹಿಡಿಯುವುದು ನನಗೆ ಕೇಳಿಸುತ್ತಿತ್ತು. ದಾರಿಯಲ್ಲೇ ಸುಬ್ರಹ್ಮಣ್ಯಪುರದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ರಿಜೆಕ್ಟ್ ಎಂದು ಬರೆದವಳು ನಾನೇ ಎಂದು ಹೇಳಿಕೊಂಡೆ. "ಗೊತ್ತಾಯ್ತು. ಅಡ್ರೆಸ್ ಕಳಿಸಿ" ಎಂದರು.

ಐದು ಗಂಟೆಗೆ ಒಂದು ಚೀಲ ಹಿಡಿದು ಬಂದರು. ಬಾಗಿಲಲ್ಲೇ ಅಡ್ಡ ನಿಂತು ಕೈಮುಗಿದೆ. "ದಯವಿಟ್ಟು ಮೇಡಂ, ನೋವು ಮಾತ್ರ ನೋಡಿ. ಅವಳು ಏನಾದ್ರೂ ಕೇಳಿದ್ರೆ ನನ್ನನ್ನ ಕರೀರಿ." ಅವರು ಚಪ್ಪಲಿ ಬಿಟ್ಟು, ನನ್ನನ್ನು ಬಳಸಿಕೊಂಡು ಒಳಗೆ ಹೋದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಕ್ಕನ ಬಾಯಿಂದ ಆ ಪ್ರಶ್ನೆ ಯಾವ ಕ್ಷಣದಲ್ಲಿ ಬರುತ್ತದೋ ಎಂದು ಕಿವಿ ಅಲ್ಲೇ ಇಟ್ಟಿದ್ದೆ.

ಅವರು ಮಂಚದ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತರು, ಅಕ್ಕನ ಮುಖದ ಮಟ್ಟಕ್ಕೆ. ನೋವು ಹೇಗಿದೆ ಎಂದು ಕೇಳಲೇ ಇಲ್ಲ. ಹೊಲಿಗೆ ಮಿಷನ್ ನಿಮ್ಮದಾ? ಕೊನೇ ಸಲ ಯಾವಾಗ ಕೂತ್ರಿ? ಎಷ್ಟು ಹೊತ್ತು ಕೂರೋಕಾಯ್ತು? ಎಡಕ್ಕೆ ತಿರುಗಿದ್ರೆ ಜಾಸ್ತಿನಾ, ಬಲಕ್ಕಾ? ರವಿಕೆ ಹುಕ್ಕು ನೀವೇ ಹಾಕ್ಕೋತೀರಾ? ಅಕ್ಕ ಒಂದೊಂದಕ್ಕೇ ಉತ್ತರ ಕೊಟ್ಟಳು. ಮಿಷನ್ ಮುಟ್ಟಿ ಎರಡು ತಿಂಗಳಾಯಿತಂತೆ. ಹುಕ್ಕು ಹಾಕಿಕೊಳ್ಳಲು ಆಗುತ್ತಿಲ್ಲವಂತೆ, ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳಂತೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಂದೇ ಮನೆ, ಎದುರುಬದುರು ಮಂಚ.

"ಹೆರಿಗೆ ನೋವು ಹತ್ತು ಅಂದ್ಕೊಂಡ್ರೆ, ಇದು ಎಷ್ಟು?" ಎಂದರು ಡಾಕ್ಟರಮ್ಮ.

"ಹೆತ್ತಿಲ್ಲಮ್ಮ ನಾನು" ಎಂದು ಅಕ್ಕ ಸಣ್ಣಗೆ ನಕ್ಕಳು. ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ದನಿ ಇಳಿಸಿ, "ಒಂಬತ್ತು. ಅವಳಿಗೆ ಹೇಳ್ಬೇಡಿ. ಹೆದರ್ಕೊಂಡ್ಬಿಡ್ತಾಳೆ. ನಮ್ಮಮ್ಮನ ನೋಡಿದಾಗಿಂದ್ಲೂ ಅವಳಿಗೆ ಹಂಗೇ" ಎಂದಳು.

ನಾನು ನಿಂತಲ್ಲಿಗೆ ಅದು ಕೇಳಿಸಿತು. ಎರಡು ತಿಂಗಳಿಂದ ದಿನಕ್ಕೆ ಹತ್ತು ಸಲ ಪರವಾಗಿಲ್ಲ ಎಂದು ನನ್ನ ಮುಖಕ್ಕೆ ಹೇಳಿದ್ದು ಈ ಒಂಬತ್ತನ್ನು.

ಡಾಕ್ಟರಮ್ಮ ಚೀಲದಿಂದ ಮಾರ್ಫಿನ್ ತೆಗೆದು ನನ್ನನ್ನು ಕರೆದರು. ಎಷ್ಟು, ಎಷ್ಟು ಗಂಟೆಗೊಮ್ಮೆ, ನಡುವೆ ನೋವು ಎದ್ದರೆ ಏನು, ಮಲಬದ್ಧತೆಗೆ ಜೊತೆಯಲ್ಲಿ ಏನು ಎಂದು ಹೇಳಿ, ಹೇಳಿದ್ದನ್ನು ನನ್ನಿಂದ ಎರಡು ಸಲ ಒಪ್ಪಿಸಿಕೊಂಡರು. "ಇನ್ನು ನೋವೇ ಬರಲ್ವಾ ಮೇಡಂ? ಗ್ಯಾರಂಟಿನಾ?" ಎಂದೆ. "ಗ್ಯಾರಂಟಿ ಕೊಡಲ್ಲ. ಕಮ್ಮಿ ಆಗತ್ತೆ. ಆಗದೆ ಇದ್ರೆ ಫೋನ್ ಮಾಡಿ, ಬರ್ತೀವಿ, ಬದಲಾಯಿಸ್ತೀವಿ" ಎಂದರು. ಆ ಉತ್ತರ ಹೆದರಿಕೆ ಹುಟ್ಟಿಸಿತು. ಆದರೂ ಮೊದಲ ಸಲ ಒಬ್ಬರು ಅಳೆದು ಹೇಳಿದಂತೆ ಅನ್ನಿಸಿತು.

ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ ಅಕ್ಕನ ಕಾಲುಗಳು ತಾವಾಗಿಯೇ ಸಡಿಲವಾಗಿ ಚಾಚಿಕೊಂಡವು. ಅಷ್ಟು ಹೊತ್ತೂ ಡಾಕ್ಟರಮ್ಮ ಹೋಗದೆ ಕೂತಿದ್ದರು. ಆಗ ಅಕ್ಕ ಕಣ್ಣು ತೆರೆದು, ಅವರನ್ನೇ ನೋಡುತ್ತಾ ಕೇಳಿದಳು.

"ಇದು ಹುಣ್ಣಲ್ಲ ಅಲ್ವಾ?"

ನಾನು "ಅಕ್ಕಾ, ಸುಮ್ನಿರು" ಎಂದು ಮುಂದೆ ಬಂದೆ. ಡಾಕ್ಟರಮ್ಮ ನನ್ನ ಕಡೆ ತಿರುಗಲಿಲ್ಲ.

"ಅಲ್ಲ" ಎಂದರು.

"ಎಷ್ಟು ದಿನ?"

"ಸರಿಯಾಗಿ ಯಾರಿಗೂ ಹೇಳಕ್ಕಾಗಲ್ಲ. ತಿಂಗಳುಗಟ್ಟಲೆ ಇಲ್ಲ. ವಾರಗಳು ಅನ್ಸತ್ತೆ."

ಅಕ್ಕ ಕಿರುಚುತ್ತಾಳೆ, ನನ್ನನ್ನು ಶಪಿಸುತ್ತಾಳೆ, ಎದೆ ಒಡೆದು ಅಲ್ಲೇ ಹೋಗಿಬಿಡುತ್ತಾಳೆ ಎಂದೆಲ್ಲ ನಾನು ಕಾದೆ. ಅವಳು ನನ್ನ ಕಡೆ ಕೈ ಚಾಚಿದಳು. ಗಂಡನ ಹೆಣದ ಮುಂದೆಯೂ, ಅಮ್ಮನ ಹನ್ನೊಂದು ದಿನದಲ್ಲೂ ನಾನು ಅವಳ ಬಾಯಲ್ಲಿ ಕೇಳದ ಮಾತನ್ನು ಹೇಳಿದಳು.

"ಬಾರೇ, ಇಲ್ಲಿ ಕೂತ್ಕೋ. ನಂಗೆ ತುಂಬಾ ಭಯ ಆಗ್ತಿದೆ."

ನಾನು ಹೋಗಿ ಮಂಚದ ಮೇಲೆ ಕೂತೆ. "ನಂಗೂ ಕಣಕ್ಕ" ಎಂದೆ.